ಚಾಕೊಲೇಟಿನ ಐದನೆಯ ರೂಪ

ಕೋಕೋ ಬೀಜವನ್ನು ತಾವೇ ಹುರಿದು, ಅರೆದು ಚಾಕೊಲೇಟು ತಯಾರಿಸುವ ಅಂಗಡಿಗಳು ಈಗ ಬೆಂಗಳೂರಿನಲ್ಲೂ ಇವೆ. ಅಂಥ ಅಂಗಡಿಗೆ ಹೋದರೆ ರುಚಿ ನೋಡುವ ಆತುರವನ್ನು ತುಸು ತಡೆದು ಅಲ್ಲಿ ನಡೆಯುವ ಕೆಲಸವನ್ನು ಗಮನಿಸಿ. ಮೂಲೆಯಲ್ಲಿ ತಿರುಗುತ್ತಿರುವ ಯಂತ್ರವನ್ನು ಎಲ್ಲೋ ನೋಡಿದ್ದೇವಲ್ಲ ಎನಿಸಬಹುದು. ಅದು ನಮ್ಮ ದೋಸೆಹಿಟ್ಟಿನ ಗ್ರೈಂಡರಿನ ಹತ್ತಿರದ ನೆಂಟ! ಅಮೆರಿಕದ ಸಣ್ಣ ತಯಾರಕರೂ ಭಾರತದ ಈ ಕಲ್ಲಿನ ಗ್ರೈಂಡರನ್ನೇ ಬಳಸತೊಡಗಿದರು. ಕಣಗಳು ಸುಮಾರು 25 ಮೈಕ್ರೊಮೀಟರಿಗಿಂತ ಸಣ್ಣದಾಗುವವರೆಗೆ ಅರೆಯಬೇಕು, ಇಲ್ಲದಿದ್ದರೆ ನಾಲಗೆಗೆ ಮರಳು ಮರಳಾಗುತ್ತದೆ.

ವಿಚಿತ್ರವೆನಿಸುವುದು ಮುಂದಿನ ಕೆಲಸ. ಕರಗಿದ ಚಾಕೊಲೇಟನ್ನು ಕಲ್ಲಿನ ಮೇಜಿನ ಮೇಲೆ ಸುರಿದು, ಅಗಲವಾದ ಪಟ್ಟಿಯಿಂದ ಹರಡುತ್ತಾರೆ, ಒಟ್ಟುಗೂಡಿಸುತ್ತಾರೆ, ಮತ್ತೆ ಹರಡುತ್ತಾರೆ. ಅದು ತಣಿದು ಮಂದವಾಗತೊಡಗಿದೊಡನೆ ಪಾತ್ರೆಗೆ ತುಂಬಿ ಪುನಃ ಸ್ವಲ್ಪ ಬಿಸಿ ಮಾಡುತ್ತಾರೆ. ಕರಗಿಸಿದ್ದನ್ನು ನೇರವಾಗಿ ಅಚ್ಚಿಗೆ ಹೊಯ್ದರೆ ಆಗದೆ?

ಆಗದು. ಬಿಸಿಲಿಗೆ ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟನ್ನು ನೀವು ನೋಡಿರುತ್ತೀರಿ. ಹೊಳಪಿಲ್ಲ, ಮುರಿದರೆ 'ಟಕ್' ಎನ್ನುವುದಿಲ್ಲ, ಕೆಲವು ದಿನಗಳಲ್ಲಿ ಮೇಲೆಲ್ಲ ಬೂದು ಬಳಿದಂತಾಗುತ್ತದೆ. ಬೂಷ್ಟು ಬಂದಿದೆಯೆಂದು ಎಸೆಯುವವರುಂಟು. ಅದು ಬೂಷ್ಟಲ್ಲ, ಮೇಲ್ಮೈಗೆ ಬಂದ ಕೊಬ್ಬಿನ ಹರಳು. ಚಾಕೊಲೇಟಿನ ಘಟಕಗಳು ಹಾಗೆಯೇ ಇವೆ. ಬದಲಾದದ್ದು ಕೋಕೋ ಬೆಣ್ಣೆಯ ಅಣುಗಳ ಜೋಡಣೆ.

ಇಂಗಾಲವು ವಜ್ರವಾಗಿಯೂ ಗ್ರಾಫೈಟಾಗಿಯೂ ಇರುವುದನ್ನು ಪಾಠದಲ್ಲಿ ಓದಿದ್ದೀರಿ. ಕೊಬ್ಬಿನ ಅಣುಗಳೂ ಬೇರೆ ಬೇರೆ ರೀತಿಯಲ್ಲಿ ಒತ್ತಾಗಿ ಕೂರಬಲ್ಲವು. ಕೋಕೋ ಬೆಣ್ಣೆಯಲ್ಲಿ ಇಂಥ ಆರು ಸ್ಫಟಿಕ ರೂಪಗಳಿವೆ ಎಂದು 1966ರಲ್ಲಿ ವಿಲ್ ಮತ್ತು ಲಟ್ಟನ್ ವರ್ಗೀಕರಿಸಿದರು. ಮೊದಲನೆಯದು ಸುಮಾರು 17° ಸೆ.ನಲ್ಲೇ ಕರಗುತ್ತದೆ, ಐದನೆಯದು ಸುಮಾರು 34° ಸೆ.ನಲ್ಲಿ, ಆರನೆಯದು 36° ಸೆ. ಆಸುಪಾಸಿನಲ್ಲಿ. ನಮಗೆ ಬೇಕಾದದ್ದು ಐದನೆಯದು. ಅದು ಕೈಯಲ್ಲಿ ಗಟ್ಟಿ, 37° ಸೆ. ಇರುವ ಬಾಯಿಯಲ್ಲಿ ನೀರು. ಕರಗುವಾಗ ನಾಲಗೆಯಿಂದಲೇ ಗುಪ್ತೋಷ್ಣವನ್ನು ಹೀರುವುದರಿಂದ ಬಾಯಿ ತಂಪೆನಿಸುತ್ತದೆ. ಆರನೆಯ ರೂಪ ಇನ್ನೂ ಸ್ಥಿರವಾದದ್ದು, ಆದರೆ ಅದು ಐದನೆಯದರಿಂದ ನಿಧಾನವಾಗಿ ಹುಟ್ಟುತ್ತದೆ. ಹಳೆಯ ಚಾಕೊಲೇಟು ಬೂದಾಗುವುದು ಬಹುಮಟ್ಟಿಗೆ ಹೀಗೆ.

ಈಗ ಮೇಜಿನ ಕೆಲಸ ಅರ್ಥವಾಗುತ್ತದೆ. 45° ಸೆ. ದಾಟಿಸಿದಾಗ ಹಳೆಯ ಹರಳುಗಳೆಲ್ಲ ಅಳಿಯುತ್ತವೆ. 27-28° ಸೆ.ಗೆ ತಣಿಸಿದಾಗ ನಾಲ್ಕನೆಯ ಮತ್ತು ಐದನೆಯ ರೂಪದ ಹರಳುಗಳು ಒಟ್ಟಿಗೆ ಮೂಡುತ್ತವೆ. ಮತ್ತೆ 31-32° ಸೆ.ಗೆ ಏರಿಸಿದರೆ ನಾಲ್ಕನೆಯದು ಕರಗಿ ಐದನೆಯದು ಮಾತ್ರ ಉಳಿಯುತ್ತದೆ. ಉಷ್ಣತೆಯೇ ಇಲ್ಲಿ ಜರಡಿ! ಉಳಿದ ಹರಳುಗಳು ಹಾಲಿಗೆ ಹಾಕಿದ ಹೆಪ್ಪಿನಂತೆ ಮಿಕ್ಕ ಕೊಬ್ಬನ್ನು ತಮ್ಮ ದಾರಿಗೆ ಎಳೆಯುತ್ತವೆ. (ಹೋಲಿಕೆ ಅಷ್ಟಕ್ಕೇ, ಇಲ್ಲಿ ಜೀವಾಣುಗಳಿಲ್ಲ.)

ನಮ್ಮ ಬೇಸಗೆಗೆ 34° ಸೆ. ಸಾಲದು. ಪಶ್ಚಿಮಘಟ್ಟದ ಮುರುಗಲ ಬೀಜದ ಕೊಬ್ಬು 40° ಸೆ. ಸುಮಾರಿಗೆ ಕರಗುತ್ತದೆ. ಅದರ ಅಣುವಿನ ಕಟ್ಟೂ ಕೋಕೋ ಬೆಣ್ಣೆಯದರಂತೆಯೇ, ನಡುವೆ ಓಲಿಯಿಕ್ ಆಮ್ಲ. ಹಾಗಾಗಿ ಎರಡೂ ಹೊಂದಿಕೊಳ್ಳುತ್ತವೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇದನ್ನು ಅಧ್ಯಯನ ಮಾಡಿದ್ದಾರೆ.

ತರಗತಿಯಲ್ಲಿ ಹೀಗೆ ಮಾಡಿ ನೋಡಿ. ಹೊದಿಕೆಯ ಮೇಲೆ ಕೋಕೋ ಬೆಣ್ಣೆಯೆಂದು ನಮೂದಿಸಿರುವ ಕಪ್ಪು ಚಾಕೊಲೇಟು ಕೊಳ್ಳಿ. ಬೇರೆ ಸಸ್ಯಜನ್ಯ ಕೊಬ್ಬಿನದಾದರೆ ಪ್ರಯೋಗ ಫಲಿಸದು. ಕಾಲುಭಾಗ ತುರಿದಿಡಿ. ಉಳಿದದ್ದನ್ನು ಬಿಸಿನೀರಿನ ಮೇಲಿಟ್ಟ ಒಣ ಪಾತ್ರೆಯಲ್ಲಿ 45-50° ಸೆ.ವರೆಗೆ ಕರಗಿಸಿ, ಅರ್ಧವನ್ನು ಒಂದು ಪ್ಲಾಸ್ಟಿಕ್ ಡಬ್ಬಿಗೆ ಹೊಯ್ಯಿರಿ. ಇನ್ನರ್ಧ 33° ಸೆ.ಗೆ ಇಳಿದಾಗ ತುರಿಯನ್ನು ಬೆರೆಸಿ, ಕಲಕುತ್ತ 31° ಸೆ.ಗೆ ಬಂದಾಗ ಇನ್ನೊಂದು ಡಬ್ಬಿಗೆ ಹೊಯ್ಯಿರಿ. ನೀರಿನ ಹನಿ ಬಿದ್ದರೆ ಚಾಕೊಲೇಟು ಮುದ್ದೆಗಟ್ಟುತ್ತದೆ, ಎಚ್ಚರ. ಮರುದಿನ ಎರಡನ್ನೂ ಮುರಿದು ಸದ್ದು ಕೇಳಿ.