ಯಂತ್ರಶಾಲೆಯ ಅನುರಣನ

ನಾಟಕಕ್ಕೂ ಸಂಗೀತಕ್ಕೂ ನಮ್ಮಲ್ಲಿರುವ ನಂಟು ಬಹು ಹಳೆಯದು. ಕಂಪೆನಿ ನಾಟಕಗಳ ದಿನಗಳಲ್ಲಿ ಹಾಡು ಸೊಗಸಾಗಿದ್ದರೆ ಸಭಿಕರು ‘ಒನ್ಸ್ ಮೋರ್’ ಎಂದು ಕೂಗಿ, ರಂಗದ ಮೇಲೆ ಸತ್ತುಬಿದ್ದ ಪಾತ್ರಧಾರಿಯನ್ನೂ ಎಬ್ಬಿಸಿ ಮತ್ತೊಮ್ಮೆ ಹಾಡಿಸುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಅಂತಹ ಹಾಡುಗಳೇ ಮುಂದೆ ಗ್ರಾಮಫೋನ್ ತಟ್ಟೆಗಳಾಗಿ ಮನೆಗಳಿಗೆ ಬಂದುವು. ನಾಟಕವನ್ನು ಎಂದೂ ಕಾಣದವರು ಕೂಡ ಅದರ ಹಾಡನ್ನು ಬಾಯಿಪಾಠಮಾಡಿಕೊಂಡರು. ನಾಟಕದಿಂದ ಬೇರ್ಪಟ್ಟೂ ಬದುಕಬಲ್ಲ ಶಕ್ತಿ ಆ ಹಾಡುಗಳಿಗಿದ್ದಿತು. ಏಕೆಂದರೆ ಅವುಗಳಿಗೆ ಮಾತಿತ್ತು, ರಾಗವಿತ್ತು, ತಾಳವಿತ್ತು.

ಈಗಿನ ಟೆಲಿವಿಷನ್ ನಾಟಕಗಳ ಸಂಗೀತದ ಸ್ಥಿತಿ ಸಾಮಾನ್ಯವಾಗಿ ಹಾಗಲ್ಲ. ಅದು ಹಿನ್ನೆಲೆಯ ಸಂಗೀತ. ಪಾತ್ರಗಳ ಮಾತಿನ ಕೆಳಗೆ ತಲೆತಗ್ಗಿಸಿಕೊಂಡು ಹರಿಯತಕ್ಕದ್ದು. ಅಳುವ ದೃಶ್ಯಕ್ಕೆ ಪಿಟೀಲು, ಹೆದರಿಸುವ ದೃಶ್ಯಕ್ಕೆ ಭೇರಿಯ ಗುಡುಗು, ಹೀಗೆ ನೋಡುವವನ ಕಿವಿ ಹಿಂಡಿ ‘ಇಲ್ಲಿ ಅಳು, ಇಲ್ಲಿ ಬೆದರು’ ಎಂದು ಹೇಳಿಕೊಡುವುದೇ ಬಹುಮಟ್ಟಿಗೆ ಅದರ ಕೆಲಸ. ಇಂತಹ ಸಂಗೀತವನ್ನು ನಾಟಕದಿಂದ ಬಿಡಿಸಿ ತೆಗೆದು, ಬೇರೆಯೇ ಒಂದು ಆಲ್ಬಮ್ ಮಾಡಿ ಮಾರುವುದು ಈಗ ರೂಢಿಯಾಗಿರುವುದು. ಅವುಗಳಲ್ಲಿ ಅನೇಕವು ಮದುವೆ ಮುಗಿದ ಮಾರನೆಯ ದಿನದ ಚಪ್ಪರದಂತೆ ತೋರುವುವೆಂದರೆ ವಾಚಕರು ನಮ್ಮನ್ನು ಮನ್ನಿಸಬೇಕು. ಆದರೆ 2019ರಲ್ಲಿ ಹೊರಟ ಒಂದು ಆಲ್ಬಮ್ ಈ ಮಾತಿಗೆ ಅಪವಾದವಾಗಿರುವುದು. ‘ಚೆರ್ನೋಬಿಲ್’ ಎಂಬ ಐದು ಕಂತುಗಳ ಟೆಲಿವಿಷನ್ ನಾಟಕಕ್ಕಾಗಿ ಐಸ್‌ಲೆಂಡ್ ದೇಶದ ವಿದುಷಿಯೊಬ್ಬರು ರಚಿಸಿದ ಆ ಸಂಗೀತವನ್ನು ಕುರಿತು ನಾಲ್ಕು ಮಾತು ಹೇಳುವುದು ನಮ್ಮ ಉದ್ದೇಶ.

ಮೊದಲು ಕಥಾವಸ್ತು. ಅಂದು ಸೋವಿಯೆತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನಲ್ಲಿ, 1986ನೆಯ ಇಸವಿ ಏಪ್ರಿಲ್ 26ರಂದು ನಡುರಾತ್ರಿ ಕಳೆದು 1 ಗಂಟೆ 23 ನಿಮಿಷಕ್ಕೆ, ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದ ನಾಲ್ಕನೆಯ ಘಟಕವು ಸಿಡಿಯಿತು. ಸುರಕ್ಷತೆಯನ್ನು ಪರೀಕ್ಷಿಸುವುದಕ್ಕೆಂದು ಹೂಡಿದ ಪ್ರಯೋಗವೇ ಸರ್ವನಾಶಕ್ಕೆ ದಾರಿಯಾಯಿತು. ಬೆಂಕಿಯಾರಿಸುವ ದಳದವರು ಸಾಮಾನ್ಯ ಬೆಂಕಿಯೆಂದೇ ಭಾವಿಸಿ ಓಡಿಬಂದರು. ಹತ್ತಿರದ ಪ್ರಿಪ್ಯಾತ್ ನಗರದ ಸುಮಾರು 49,000 ಜನರನ್ನು ಅಲ್ಲಿಂದ ಎಬ್ಬಿಸಿದುದು ಮಾರನೆಯ ದಿನ ಮಧ್ಯಾಹ್ನ; ಅಲ್ಲಿಯವರೆಗೆ ಮಕ್ಕಳು ಬೀದಿಯಲ್ಲಿ ಆಡಿಕೊಂಡೇ ಇದ್ದರು. ವಿಕಿರಣದ ತೀವ್ರ ರೋಗಕ್ಕೆ ತುತ್ತಾದವರು 134 ಮಂದಿ. ಅವರಲ್ಲಿ 28 ಮಂದಿ ಕೆಲವೇ ತಿಂಗಳುಗಳೊಳಗೆ ತೀರಿಕೊಂಡರು. ದೂರಕಾಲದಲ್ಲಿ ಎಷ್ಟು ಜನರನ್ನು ಇದು ಬಲಿಗೊಂಡಿತೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ.

ಇಂತಹ ಕಥೆಗೆ ಸಂಗೀತ ರಚಿಸುವವರ ಮುಂದೆ ಒಂದು ವಿಲಕ್ಷಣವಾದ ತೊಡಕು ಬಂದು ನಿಲ್ಲುವುದು. ಕಥೆಯ ನಿಜವಾದ ಖಳನು ಯಾರು? ವಿಕಿರಣ. ಅದಕ್ಕೆ ರೂಪವಿಲ್ಲ, ಗಂಧವಿಲ್ಲ, ರುಚಿಯಿಲ್ಲ, ಸ್ಪರ್ಶವಿಲ್ಲ, ಶಬ್ದವೂ ಇಲ್ಲ. ಉಪನಿಷತ್ತುಗಳು ಪರವಸ್ತುವನ್ನು ಕುರಿತು ಹೇಳುವ ನಿಷೇಧವಾಕ್ಯಗಳೆಲ್ಲ ಈ ಮಾರಿಗೂ ಅಕ್ಷರಶಃ ಒಪ್ಪುವುದನ್ನು ನೆನೆದರೆ ಮೈ ಜುಮ್ಮೆನ್ನುವುದು. ಶಬ್ದವೇ ಇಲ್ಲದ ವೈರಿಗೆ ಶಬ್ದವನ್ನು ಕೊಡುವುದು ಹೇಗೆ? ಕೊಟ್ಟರೂ, ನಿಜವಾಗಿ ನರಳಿ ಸತ್ತ ಜನರ ಸಂಕಟವನ್ನು ರಂಜನೆಯ ಸರಕನ್ನಾಗಿ ಮಾಡಿದ ದೋಷವು ತಗಲದಂತೆ ಕೊಡುವುದು ಹೇಗೆ?

ಈ ಭಾರವನ್ನು ಹೊತ್ತವರು ಹಿಲ್ಡುರ್ ಗುಡ್ನಾದೋತ್ತಿರ್ ಎಂಬವರು. 1982ರಲ್ಲಿ ಜನಿಸಿದ ಇವರು ಮೂಲತಃ ಚೆಲ್ಲೋ ವಾದಕಿ. ಚೆಲ್ಲೋ ಎಂದರೆ ಪಿಟೀಲಿನ ಜಾತಿಯದೇ ಆದ, ನೆಲಕ್ಕೂರಿ ನುಡಿಸುವ ದೊಡ್ಡ ವಾದ್ಯ. (ಇವರ ಹೆಸರಿನ ಉತ್ತರಾರ್ಧಕ್ಕೆ ‘ಗುಡ್ನಿಯ ಮಗಳು’ ಎಂದರ್ಥ. ಆ ದೇಶದಲ್ಲಿ ಮನೆತನದ ಹೆಸರಿಗಿಂತ ತಂದೆಯ ಹೆಸರಿನಿಂದ ಮಕ್ಕಳನ್ನು ಗುರುತಿಸುವುದೇ ಹೆಚ್ಚಿನ ವಾಡಿಕೆ. ನಮ್ಮ ಜಾನಕಿ, ದ್ರೌಪದಿಯರಂತೆ. ಅಲ್ಲಿಯ ‘ದೋತ್ತಿರ್’ ಮತ್ತು ನಮ್ಮ ಸಂಸ್ಕೃತದ ‘ದುಹಿತೃ’ ಒಂದೇ ಬೇರಿನ ಚಿಗುರುಗಳೆಂಬುದನ್ನು ಹೇಳದೆ ಮುಂದೆ ಹೋಗಲು ಹಳೆಯ ಉಪಾಧ್ಯಾಯರಾದ ನಮಗೆ ಮನಸ್ಸು ಬಾರದು.)

ನಾಟಕದ ಬಹುಭಾಗದ ಚಿತ್ರಣವು ನಡೆದುದು ಚೆರ್ನೋಬಿಲಿನಲ್ಲಲ್ಲ, ಲಿಥುವೇನಿಯಾದಲ್ಲಿ. ಅಲ್ಲಿ ಇಗ್ನಾಲಿನಾ ಎಂಬ ಅಣುವಿದ್ಯುತ್ ಸ್ಥಾವರವಿರುವುದು. ಅದರ ಯಂತ್ರಗಳು ಚೆರ್ನೋಬಿಲಿನ ಯಂತ್ರಗಳ ಜಾತಿಯವೇ, ಸಾಮರ್ಥ್ಯದಲ್ಲಿ ಇನ್ನೂ ದೊಡ್ಡವು. ಐರೋಪ್ಯ ಒಕ್ಕೂಟವನ್ನು ಸೇರುವುದಕ್ಕೆ ಷರತ್ತಾಗಿ ಲಿಥುವೇನಿಯಾ ತನ್ನ ಈ ಸ್ಥಾವರದ ಎರಡು ಘಟಕಗಳನ್ನು 2004 ಮತ್ತು 2009ರ ಕೊನೆಯ ದಿನಗಳಂದು ಒಂದಾದ ಮೇಲೊಂದರಂತೆ ಮುಚ್ಚಿತು. ಹಿಲ್ಡುರ್ ಅವರು ಈ ನಿಂತುಹೋದ ಸ್ಥಾವರದೊಳಕ್ಕೆ ರಕ್ಷಣೆಯ ಉಡುಪು ತೊಟ್ಟು ಹೋದರು. ಜೊತೆಯಲ್ಲಿ ಕ್ರಿಸ್ ವಾಟ್ಸನ್ ಎಂಬ ಆಂಗ್ಲ ಧ್ವನಿಗ್ರಾಹಕರು. ಕಾಡುಮೇಡುಗಳಲ್ಲಿ ಮೃಗಪಕ್ಷಿಗಳ ಸದ್ದನ್ನು ಹಿಡಿಯುವುದರಲ್ಲಿ ಹೆಸರಾದವರು. ಸಂಗೀತದ ನಿರ್ಮಾಣದಲ್ಲಿ ನೆರವಾದ ಸ್ಯಾಮ್ ಸ್ಲೇಟರ್ ಎಂಬವರೂ ಜೊತೆಗಿದ್ದರು.

ಇಲ್ಲಿ ಅವರು ಮಾಡಿದುದಕ್ಕಿಂತ ಮಾಡದೆ ಬಿಟ್ಟುದೇ ಹೆಚ್ಚು ಮುಖ್ಯವೆಂದು ನಮ್ಮ ಮತ. ಕೈಯಲ್ಲಿ ಕೋಲು ಹಿಡಿದು ಕೊಳವೆ ಕಂಬಗಳನ್ನು ಬಡಿದು ಸದ್ದೆಬ್ಬಿಸುವ ಉದ್ದೇಶವೇ ಅವರಿಗಿರಲಿಲ್ಲ. ಆ ಕಟ್ಟಡ ತಾನಾಗಿ ಏನು ನುಡಿಯುವುದೋ ಅದನ್ನು ಕಿವಿಗೊಟ್ಟು ಕೇಳುವುದಷ್ಟೇ ಅವರ ಸಂಕಲ್ಪ. ಗೋಡೆಗಳ ಗುಂಯ್‌ಗುಟ್ಟುವಿಕೆ, ಪಂಪುಗಳ ಕೋಣೆಯ ಮೊರೆತ, ದೊಡ್ಡ ಬಾಗಿಲೊಂದರ ಕಿರುಗುಟ್ಟುವಿಕೆ, ಇವೇ ಅವರ ವಾದ್ಯಗಳಾದುವು. ಆಲ್ಬಮ್ಮಿನಲ್ಲಿ ‘ಬಾಗಿಲು’ ಎಂಬ ಹೆಸರಿನದೇ ಒಂದು ರಚನೆಯುಂಟು. ‘ಟರ್ಬೈನ್ ಶಾಲೆ’, ‘ಪಂಪ್ ಕೋಣೆ’, ‘ಓಣಿಗಳು’ ಎಂಬ ಅರ್ಥದ ಹೆಸರುಗಳೂ ಉಂಟು. ಕೇಳುವುದಕ್ಕೆ ರಾಗಮಾಲಿಕೆಯ ಪಟ್ಟಿಯಂತಿರದೆ ಕಾರ್ಖಾನೆಯ ನಕ್ಷೆಯಂತಿರುವುದಲ್ಲವೆ? ಈ ಶಬ್ದಗಳಿಗೆ ಸೇರಿದ ಮನುಷ್ಯಸ್ವರವು ಬಹುಪಾಲು ಅವರದೇ ಕಂಠ.

ಅವರ ಕೆಲಸದಲ್ಲಿ ಇನ್ನೊಂದು ಉಪಾಯವಿದೆ. ಅದನ್ನು ಕೊಂಚ ಬಿಡಿಸಿ ಹೇಳಬೇಕು. ದೇವಾಲಯದ ಒಳಾಂಗಣದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಆ ಸದ್ದು ಕೂಡಲೇ ಸಾಯುವುದಿಲ್ಲ. ಕಲ್ಲಿನಿಂದ ಕಲ್ಲಿಗೆ ತಾಗಿ, ತೆಳುವಾಗುತ್ತ ಆರುವುದು. ಅಡಿಗೆಯ ಮನೆಯಲ್ಲಿ ತಟ್ಟಿದ ಚಪ್ಪಾಳೆ ಹಾಗೆ ಆರದು. ಪ್ರತಿಯೊಂದು ಕೋಣೆಗೂ ಅದರದೇ ಆದ ಇಂತಹ ಹಸ್ತಾಕ್ಷರವುಂಟು. ಗೊತ್ತಾದ ಒಂದು ಸದ್ದನ್ನು ಕೋಣೆಯಲ್ಲಿ ಹೊರಡಿಸಿ, ಅದು ಆರುವ ಬಗೆಯನ್ನು ಸೂಕ್ಷ್ಮವಾಗಿ ಮುದ್ರಿಸಿಕೊಂಡರೆ, ಮುಂದೆ ಬೇರೆ ಎಲ್ಲಿಯೋ ಹಾಡಿದ ಸ್ವರಕ್ಕೂ ಗಣಕದ ಸಹಾಯದಿಂದ ಅದೇ ಕೋಣೆಯ ಗುಣವನ್ನು ಲೇಪಿಸಬಹುದು. ಇಗ್ನಾಲಿನಾದ ಶಾಲೆಗಳ ಹಸ್ತಾಕ್ಷರವನ್ನು ಅವರು ಹೀಗೆ ಸಂಗ್ರಹಿಸಿ ತಂದರು. ಆಕೆಯ ಕಂಠವು ಎಲ್ಲಿ ಮುದ್ರಿತವಾದರೂ ನಮಗೆ ಕೇಳಿಸುವಾಗ ಆ ಯಂತ್ರಶಾಲೆಯ ಗೋಡೆಗಳನ್ನು ಮುಟ್ಟಿಕೊಂಡೇ ಬರುವುದು.

ಆನಂದವರ್ಧನನು ಕಾವ್ಯದ ಆತ್ಮ ಧ್ವನಿಯೆಂದು ಹೇಳಿದುದನ್ನು ವಾಚಕರು ಬಲ್ಲರು. ಘಂಟೆಯನ್ನು ಹೊಡೆದ ಮೇಲೆ ಮೂಲ ಸದ್ದು ಮುಗಿದರೂ ಅದರ ಬೆನ್ನಿಗೇ ಹೊರಟು ಹರಡುವ ಅನುರಣನವುಂಟಷ್ಟೆ. ಕೆಲವು ಬಗೆಯ ವ್ಯಂಗ್ಯಾರ್ಥವು ಅದರಂತೆಯೇ ವಾಚ್ಯಾರ್ಥದ ಹಿಂದಿನಿಂದ ಹೊಳೆಯುವುದೆಂದು ಆತನ ನಿರೂಪಣೆ. ಆ ಉಪಮಾನವನ್ನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ ನಮಗೆ, ಮೂಲ ಸದ್ದು ಬಹುತೇಕ ಮರೆಯಾಗಿ ಅನುರಣನವೊಂದೇ ಸಂಗೀತವಾಗಿ ನಿಂತುದನ್ನು ಕಿವಿಯಾರೆ ಕೇಳುವ ಯೋಗ ಒಂದು ಅಣುಸ್ಥಾವರದ ದೆಸೆಯಿಂದ ಒದಗೀತೆಂಬ ಎಣಿಕೆಯಿರಲಿಲ್ಲ. ಸಿಡಿತದ ಸದ್ದು ಈ ಆಲ್ಬಮ್ಮಿಗೆ ಬೇಕಿಲ್ಲ. ಸಿಡಿತದ ಬಳಿಕ ಉಳಿದುದೇನೋ ಅದೇ ಇಲ್ಲಿ ವಸ್ತು. ವಿಕಿರಣವೂ ಅಂತಹದೇ, ಕ್ಷಣಾರ್ಧದ ಘಟನೆಯೊಂದರ ತಲೆಮಾರುಗಳುದ್ದದ ಅನುರಣನ.

ಹಾಗೆಂದು ಎಲ್ಲವನ್ನೂ ಹೊಗಳುವುದಕ್ಕೆ ನಾವು ಸಿದ್ಧರಿಲ್ಲ. ಚಿತ್ರವಿಲ್ಲದೆ ಬರಿಯ ಕಿವಿಯಿಂದ ಕೇಳಿದಾಗ ಕೆಲವು ರಚನೆಗಳು ಸಂಗೀತದ ಎಲ್ಲೆಯನ್ನು ದಾಟಿ ಬರಿಯ ಮೊರೆತವಾಗಿ ಉಳಿಯುವುವು. ಶ್ರುತಿಯ ಆಧಾರವನ್ನು ಹುಡುಕುವ ನಮ್ಮ ಕಿವಿಗೆ ಅಲ್ಲಿ ಕಾಲೂರಲು ಜಾಗವಿಲ್ಲ. ಕಲಾವಿದೆಯು ಬೇಕೆಂದೇ ಹಾಗೆ ಮಾಡಿರಬಹುದು. ಆದರೂ ಬೇಕೆಂದು ಮಾಡಿದ ಮಾತ್ರಕ್ಕೆ ಶುಷ್ಕತೆಯು ಗುಣವಾಗದು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದುಂಟು. ‘ಸಾವಿನ ಸೇತುವೆ’ ಎಂಬ ರಚನೆಯನ್ನು ನೋಡಿರಿ. ಪ್ರಿಪ್ಯಾತ್ ನಗರದ ಜನರು ರಾತ್ರಿ ಸೇತುವೆಯ ಮೇಲೆ ನಿಂತು ದೂರದ ಬೆಂಕಿಯ ಬಣ್ಣಗಳನ್ನು ಅಚ್ಚರಿಯಿಂದ ನೋಡಿದರೆಂದೂ, ಅವರ ಮೇಲೆ ಬೂದಿ ಹಿಮದಂತೆ ಉದುರಿತೆಂದೂ ನಾಟಕವು ತೋರಿಸುವುದು. ಅಲ್ಲಿ ನಿಂತವರಲ್ಲಿ ಒಬ್ಬರೂ ಉಳಿಯಲಿಲ್ಲವೆಂಬ ವರದಿಯನ್ನು ಕೊನೆಗೆ ಕಾಣಿಸುವುದು. ಎಲ್ಲರೂ ಸತ್ತರೆಂಬುದಕ್ಕೆ ಆಧಾರ ದೊರೆತಿಲ್ಲ. ಅದು ಬಾಯಿಂದ ಬಾಯಿಗೆ ಬೆಳೆದ ಕಥೆ. ಇಂತಹ ಕಡೆ ಸಂಗೀತದ ಬಲವು ಅಪಾಯಕಾರಿಯಾಗುವುದು. ಮಾತು ಸುಳ್ಳಾದರೆ ಯಾರಾದರೂ ಎದ್ದು ತಿದ್ದಬಹುದು. ಸ್ವರವನ್ನು ತಿದ್ದುವವರಾರು? ಆ ಹೆಸರಿನಿಂದಲೇ ರಚನೆಯನ್ನು ಆಲ್ಬಮ್ಮಿನಲ್ಲಿ ಇಟ್ಟುದರಿಂದ ಕಥೆಯು ಇತಿಹಾಸದ ವೇಷ ತೊಟ್ಟು ಮನೆಗಳನ್ನು ಹೊಕ್ಕಿತು. ನಿಜವಾಗಿ ಸತ್ತವರ ದುಃಖವೇ ಬೇಕಾದಷ್ಟಿರುವಾಗ, ನಿಜವೆಂದು ತೋರದ ಸಾವುಗಳನ್ನು ಅದಕ್ಕೆ ಸೇರಿಸುವ ಅಗತ್ಯವೇನಿತ್ತು? ಬೆಂಕಿಯಾರಿಸುವ ದಳದವನ ಮಡದಿಯ ಕಥೆಯೊಂದು ಇದೇ ನಾಟಕದಲ್ಲಿರುವುದು. ಬೆಲಾರೂಸಿನ ಲೇಖಕಿ ಸ್ವೆತ್ಲಾನಾ ಅಲೆಕ್ಸಿಯೇವಿಚ್ ಅವರು ಆಕೆಯ ಬಾಯಿಂದಲೇ ಕೇಳಿ ತಮ್ಮ ಗ್ರಂಥದಲ್ಲಿ ಬರೆದಿಟ್ಟ ವೃತ್ತಾಂತವದು. ಈ ಲೇಖಕಿಗೆ 2015ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅಂತಹ ಸಾಕ್ಷಿಯ ಪಕ್ಕದಲ್ಲಿ ಸೇತುವೆಯ ಕಥೆ ನಿಲ್ಲಲಾರದು.

ಆದಾಗ್ಯೂ ಈ ಆಲ್ಬಮ್ಮನ್ನು ನಾವು ಕೈಬಿಡದಿರುವುದಕ್ಕೆ ಕಾರಣ ಅದರ ಒಂದು ಹಾಡು. ಯಂತ್ರಗಳ ಮೊರೆತದ ನಡುವೆ ಇದೊಂದೆಡೆಯಲ್ಲಿ ಮಾತ್ರ ಮಾನವಕಂಠಗಳ ಗುಂಪೊಂದು ಬಾಯಿಬಿಟ್ಟು ಹಾಡುವುದು. ‘ವೀಚ್ನಾಯ ಪಾಮ್ಯಾತ್’ ಎಂದರೆ ‘ಶಾಶ್ವತ ಸ್ಮರಣೆ’ ಎಂದರ್ಥ. ಅದು ಪೂರ್ವದೇಶದ ಕ್ರೈಸ್ತರು ಸತ್ತವರ ಉತ್ತರಕ್ರಿಯೆಯ ಕೊನೆಯಲ್ಲಿ ಹಾಡುವ ಪ್ರಾರ್ಥನೆ. ಹಾಡಿರುವವರು ಉಕ್ರೇನಿನ ಲ್ವೀವ್ ನಗರದ ‘ಹೋಮಿನ್’ ಗಾಯಕವೃಂದದವರು. ನಾಟಕದ ಕಟ್ಟಕಡೆಯಲ್ಲಿ, ನಟರೆಲ್ಲ ಮರೆಯಾಗಿ ನಿಜವಾದ ಮನುಷ್ಯರ, ನಿಜವಾದ ಸ್ಥಳಗಳ ಚಿತ್ರಗಳು ಬರುವಾಗ ಇದು ಕೇಳಿಬರುವುದು. ಹೊರದೇಶದ ಸಂಗೀತಗಾರ್ತಿಯು ಐದು ಕಂತುಗಳವರೆಗೆ ತಾನು ಅಳದೆ, ಪ್ರೇಕ್ಷಕನನ್ನೂ ಅಳಿಸದೆ ತಡೆದಿಟ್ಟುಕೊಂಡು, ಅಳುವ ಹಕ್ಕನ್ನು ಸತ್ತವರ ನೆಲದವರಿಗೇ ಒಪ್ಪಿಸಿದುದು ಎಂತಹ ಔಚಿತ್ಯ! ಸಾವಿನ ಮನೆಯಲ್ಲಿ ಮೊದಲ ಬಾಯಿ ನೆಂಟರದು, ಆಮೇಲೆ ನೆರೆಯವರದು ಎಂಬುದನ್ನು ನಮ್ಮ ಹೆಂಗಸರು ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ ಬಲ್ಲರು. ಭವಭೂತಿಯು ಕರುಣವನ್ನೇ ರಸಗಳ ಮೂಲವೆಂದು ಎಣಿಸಿದವನು. ಅವನ ನಾಟಕದಲ್ಲಿಯೂ ರಾಮನ ಶೋಕವು ಒಳಗೇ ಬೇಯುವಷ್ಟು ಕಾಲ ಬೆಂದೇ ಹೊರಬರುವುದು. ಆ ತಡೆಯಿಲ್ಲದಿದ್ದರೆ ಈ ಹಾಡು ಇನ್ನೊಂದು ಪ್ರಾರ್ಥನೆಯಾಗಿ ಕಿವಿಯ ಮೇಲೆ ಹಾದುಹೋಗುತ್ತಿದ್ದಿತು.

ಮನ್ನಣೆಯ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. ಆಲ್ಬಮ್ಮನ್ನು ಜರ್ಮನಿಯ ಹೆಸರಾಂತ ಡಾಯ್ಚ್ ಗ್ರಾಮಫೋನ್ ಸಂಸ್ಥೆಯವರು 2019ರ ಮೇ ತಿಂಗಳ ಕೊನೆಗೆ ಹೊರಡಿಸಿದರು. ಅದೇ ವರ್ಷ ನಾಟಕದ ಸಂಗೀತಕ್ಕೆ ಎಮಿ ಪಾರಿತೋಷಕವೂ, 2020ರ ಜನವರಿಯಲ್ಲಿ ಗ್ರ್ಯಾಮಿ ಪಾರಿತೋಷಕವೂ ದೊರೆತುವು. ಮುಂದಿನ ತಿಂಗಳಲ್ಲಿಯೇ ‘ಜೋಕರ್’ ಎಂಬ ಚಲಚ್ಚಿತ್ರದ ಸಂಗೀತಕ್ಕಾಗಿ ಅವರು ಆಸ್ಕರ್ ಪಡೆದರು.

ಇಗ್ನಾಲಿನಾ ಸ್ಥಾವರವನ್ನು ತುಂಡುತುಂಡಾಗಿ ಬಿಚ್ಚಿ ತೆಗೆಯುವ ಕೆಲಸವು ವರ್ಷಗಳಿಂದ ನಡೆದಿರುವುದು. 2038ರ ವೇಳೆಗೆ ಅದನ್ನು ಮುಗಿಸುವ ಯೋಜನೆಯಿದ್ದಿತು. ಯಂತ್ರಗಳು ತೆರವಾದ ಶಾಲೆಯು ಮೊದಲಿನಂತೆ ಅನುರಣಿಸದು, ಬಾಗಿಲುಗಳೂ ಉಳಿಯಲಾರವು.

ಇದನ್ನು ಮನೆಯಲ್ಲಿ ಕೇಳಬಯಸುವವರಿಗೆ ಒಂದೆರಡು ಸೂಚನೆ. ಊಟದ ಹೊತ್ತಿಗೂ ಅತಿಥಿಗಳೊಡನೆ ಹರಟುವ ಹೊತ್ತಿಗೂ ಇದು ಒಗ್ಗದು. ಚಿಕ್ಕ ಮಕ್ಕಳು ಮಲಗುವ ಮುಂಚೆ ಹಾಕುವುದಂತೂ ಬೇಡ. ಬೆಳೆದ ಮಕ್ಕಳಿದ್ದರೆ ಮೊದಲು 1986ರ ಸಂಗತಿಯನ್ನು ಅವರಿಗೆ ತಿಳಿಯಹೇಳಿರಿ. ಸೇತುವೆಯ ಕಥೆಯನ್ನು ಕಥೆಯೆಂದೇ ಹೇಳಿರಿ. ಆಮೇಲೆ ‘ಬಾಗಿಲು’ ಒಂದನ್ನು ಕೇಳಿಸಿ, ಅದು ಯಾವ ವಾದ್ಯವೆಂದು ಊಹಿಸಲು ಬಿಡಿರಿ. ‘ಶಾಶ್ವತ ಸ್ಮರಣೆ’ಯನ್ನು ಮಾತ್ರ ಬಿಡಿಯಾಗಿ ಹಾಕಬೇಡಿರಿ, ಒಂದೆರಡು ಯಂತ್ರಶಾಲೆಗಳನ್ನು ದಾಟಿದ ಬಳಿಕವೇ ಹಾಕಿರಿ.