ಡಂಬಳದ ಹಾಳುಗೋಟೆ

ಗದಗದಿಂದ ಮುಂಡರಗಿ ಹಾದಿ ಹಿಡಿದು ಸುಮಾರು 20 ಕಿ.ಮೀ. ಹೋದರೆ ಡಂಬಳ. ಬಂದವರು ದೊಡ್ಡಬಸಪ್ಪನ ಗುಡಿ ನೋಡಿಕೊಂಡು ಅಲ್ಲಿಂದಲೇ ಮರಳುತ್ತಾರೆ. ನೋಡಲೇಬೇಕಾದ ಗುಡಿಯೇ ಅದು. ಗರ್ಭಗುಡಿಯ ಹೊರಗೋಡೆ ನಕ್ಷತ್ರದಂತೆ 24 ಮೂಲೆಗಳಾಗಿ ಒಡೆದುಕೊಂಡಿದೆ. ಪ್ರದಕ್ಷಿಣೆ ಹಾಕುವಾಗ ಒಂದು ಮೂಲೆಗೆ ಬಿಸಿಲು, ಮಗ್ಗುಲಿನ ಸಂದಿಗೆ ನೆರಳು. ಕಲ್ಲು ಮೆತ್ತಗಿದ್ದುದರಿಂದ ಚಾಲುಕ್ಯರ ಕಾಲದ ಉಳಿ ಬಾಗಿಲವಾಡದ ಬಳ್ಳಿಯ ಎಳೆಎಳೆಯನ್ನೂ ಬಿಡಿಸಿದೆ.

ಆದರೆ ನಾನು ನಿಮ್ಮನ್ನು ಕರೆದೊಯ್ಯಬೇಕೆಂದಿರುವುದು ಕೋಟೆಯ ಕಡೆಗೆ. ಅಲ್ಲಿ ಉಳಿದದ್ದು ಕಡಿಮೆ, ನಡೆದದ್ದು ಬಹಳ.

ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘ್ ಈ ಸೀಮೆಯಲ್ಲಿ ದಂಡು ಕಟ್ಟಿದ. ಅವನ ಬೆನ್ನು ಹತ್ತಿ ಕುಂದಗೋಳ, ಲಕ್ಷ್ಮೇಶ್ವರದ ಮೇಲೆ ಹಾದು ಬಂದವನು ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ. 1800ರ ಜುಲೈ 26ರಂದು ಡಂಬಳದ ಮೇಲೆ ಮೂರು ಕಡೆಯಿಂದ ದಾಳಿ ನಡೆಯಿತು. ಅಗಸಿ ಬಾಗಿಲು ಜಗ್ಗಲಿಲ್ಲ. ಕೊನೆಗೆ ಗೋಡೆಗೆ ಏಣಿ ಹಚ್ಚಿಯೇ ಸಿಪಾಯಿಗಳು ಒಳಹೊಕ್ಕರು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯಾ ಬಿದ್ದ.

ಅದೇ ವೆಲ್ಲೆಸ್ಲಿ 1815ರಲ್ಲಿ ವಾಟರ್ಲೂ ಗೆದ್ದ. ವೆಲ್ಲಿಂಗ್ಟನ್ ಡ್ಯೂಕ್ ಆಗಿದ್ದ ಅವನಿಗೆ ದೇಶದ ಹಣದಲ್ಲಿ 1817ರಲ್ಲಿ ಸ್ಟ್ರಾಟ್‌ಫೀಲ್ಡ್ ಸೇ ಎಂಬ ಹಳ್ಳಿಗಾಡಿನ ಬಂಗಲೆ ಬಂತು. ಅದರಲ್ಲಿ ಅವನ ವಂಶದವರು ಇಂದಿಗೂ ಇದ್ದಾರೆ. ಅವನು ಏಣಿ ಹಚ್ಚಿಸಿದ ನಮ್ಮ ಗೋಡೆಯೋ ಮುಳ್ಳುಕಂಟಿಯ ಪಾಲಾಗಿದೆ. ಇದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಧೋಂಡಿಯಾನ ಕಾಲಕ್ಕೇ ಇದು ಹಳೆಯ ಊರು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1095ರಲ್ಲಿ, ಇಲ್ಲಿನ 16 ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರದ ಮಾತು ಶಾಸನದಲ್ಲಿದೆ. ತಾರಾದೇವಿಯ ಸ್ತುತಿಯೂ ಇದೆ. ಬಸದಿ, ಶಿವಾಲಯ, ಬುದ್ಧವಿಹಾರ ಎಲ್ಲಕ್ಕೂ ವ್ಯಾಪಾರಿಗಳ ಹಣ ಹರಿದ ಪೇಟೆಯಿದು. ಸುತ್ತಲೂ ಪುಟ್ಟ ಗುಡಿಗೂಡುಗಳಿರುವ ಜಪದ ಬಾವಿಗೆ ಇಳಿದು ನಿಂತರೆ ಆ ಶ್ರೀಮಂತಿಕೆಯ ಅಂದಾಜು ಸಿಗುತ್ತದೆ.

ಊರಿನ ಕೆರೆಗೆ ಈಗಲೂ ವಿಕ್ಟೋರಿಯಾ ಮಹಾರಾಣಿಯ ಹೆಸರು. ರಾಣಿಯ ಹೆಸರು ಉಳಿಸಿಕೊಂಡ ಊರಿಗೆ ಸ್ವಂತ ಕೋಟೆ ಉಳಿಸಿಕೊಳ್ಳುವುದು ದೊಡ್ಡ ಮಾತಲ್ಲ. ಮೊದಲು ಕಂಟಿ ಕಡಿಸಬೇಕು, ಗೋಡೆಯ ಕಲ್ಲು ಕೀಳುವುದನ್ನು ತಡೆಯಬೇಕು, 1800ರ ಆ ದಿನದ ಕಥೆಯನ್ನು ಕನ್ನಡದಲ್ಲಿ ಬರೆದು ಅಗಸಿಯ ಹತ್ತಿರ ನಿಲ್ಲಿಸಬೇಕು.