ಕಾತ್ರಜದಿಂದ ಸಿಂಹಗಡಕ್ಕೆ ನಡೆದು ಹೋಗಬಹುದೇ?

ಪ್ರಶ್ನೆ: ಪುಣೆಯ ಕಾತ್ರಜದಿಂದ ಸಿಂಹಗಡದವರೆಗೆ ಗುಡ್ಡದ ಮೇಲೇ ನಡೆದು ಹೋಗುವ ದಾರಿ ಇದೆಯಂತೆ. ಒಂದೇ ದಿನದಲ್ಲಿ ಮುಗಿಸಬಹುದೇ?

ಉತ್ತರ: ಖಂಡಿತ. ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದಿಂದ ಸಾತಾರಾ ಕಡೆಯ ಬಸ್ಸು ಹಿಡಿದು ಹಳೆಯ ಕಾತ್ರಜ ಸುರಂಗದ ಬಳಿ ಇಳಿದರೆ, ಅಲ್ಲಿಂದಲೇ ಕಾಲುದಾರಿ ಗುಡ್ಡ ಹತ್ತುತ್ತದೆ. ದೂರ ಸುಮಾರು 15 ಕಿಲೋಮೀಟರ್. ಕೇಳಲು ಕಡಿಮೆ ಎನಿಸುತ್ತದೆ, ಆದರೆ ನಡುವೆ ಹತ್ತು-ಹನ್ನೆರಡಕ್ಕೂ ಹೆಚ್ಚು ಗುಡ್ಡಗಳನ್ನು ಹತ್ತಿ ಇಳಿಯಬೇಕು. ಏಳೆಂಟು ತಾಸು ಬೇಕೇ ಬೇಕು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ: ಒಣಹುಲ್ಲು, ಅದರಡಿ ಉರುಳುವ ಸಣ್ಣ ಹರಳುಕಲ್ಲು. ಹಿಡಿತವಿಲ್ಲದ ಚಪ್ಪಲಿ ಹಾಕಿಕೊಂಡು ಹೋಗಲೇಬೇಡಿ.

ಮರದ ನೆರಳಿಲ್ಲ, ನೀರೂ ಸಿಗುವುದಿಲ್ಲ. ಅದಕ್ಕೇ ಪುಣೆಯವರು ಹುಣ್ಣಿಮೆಯ ರಾತ್ರಿ ಹೊರಡುತ್ತಾರೆ. ಮೊದಲ ಸಲದವರಿಗೆ ಚಳಿಗಾಲದ ಹಗಲೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಸಹ್ಯಾದ್ರಿಯ ಏಣು ಕಣ್ಣಿಗೆ ಕಾಣದಿದ್ದರೆ ಅಷ್ಟು ನಡೆದು ಏನು ಸುಖ?

ಕೊನೆಗೆ ಸಿಗುವುದು 1670ರಲ್ಲಿ ಮರಾಠಾ ಸೇನಾನಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟು ಗೆದ್ದ ಕೋಟೆ. ಮೇಲೆ ಬಿಸಿ ಭಾಕರಿ, ಪಿಠ್ಲ (ನಮ್ಮ ಝುಣಕದ ನಂಟಸ್ತಿಯೇ), ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು ಮಾರುತ್ತಾರೆ. ತಲಾ ಮೂರು ಲೀಟರ್ ನೀರು ಒಯ್ಯಿರಿ. ದಾರಿ ಬಲ್ಲವರೊಬ್ಬರು ಜೊತೆಗಿರಲಿ.